ಶಿಂಗ್ ಯಿ ಕಲಿಕೆ: ಮೊದಲು ನಿಲ್ಲೋದು, ಆಮೇಲೆ ಹೊಡೆಯೋದು

ಚೀನಾದ ‘ಒಳಶೈಲಿ’ ಸಮರ ಕಲೆಗಳು ಅಂದರೆ ಸಾಮಾನ್ಯವಾಗಿ ಮೂರು ಹೆಸರು ಬರುತ್ತವೆ: ತಾಯ್ ಚಿ, ಬಾಗ್ವಾ, ಶಿಂಗ್ ಯಿ. ತಾಯ್ ಚಿ ಎಲ್ಲರಿಗೂ ಗೊತ್ತು. ಶಿಂಗ್ ಯಿ ಬಗ್ಗೆ ಕೇಳಿದವರು ಕಡಿಮೆ. ಈ ಟಿಪ್ಪಣಿ ಅದರ ಮೊದಲ ಪಾಠದ ಬಗ್ಗೆ.

ಶಿಂಗ್ ಅಂದರೆ ಆಕಾರ. ಯಿ ಅಂದರೆ ಮನಸ್ಸಿನ ಉದ್ದೇಶ. 17ನೇ ಶತಮಾನದಲ್ಲಿ ಶಾನ್‌ಶಿ ಪ್ರಾಂತ್ಯದಲ್ಲಿದ್ದ ಜಿ ಜಿಕೆ ಎಂಬುವರು ಈಟಿಯ ವಿದ್ಯೆಯನ್ನು ಬರಿಗೈಗೆ ತಂದರು ಅನ್ನುತ್ತದೆ ಪರಂಪರೆ. 19ನೇ ಶತಮಾನದಲ್ಲಿ ಹೆಬೆಯ್ ಕಡೆಯ ಲಿ ಲುವೊನೆಂಗ್ ಶಾನ್‌ಶಿಗೆ ಹೋಗಿ ದಾಯ್ ಮನೆತನದವರಲ್ಲಿ ಈ ವಿದ್ಯೆ ಕಲಿತರು. ಇವತ್ತು ಹೆಚ್ಚು ಕಡೆ ಕಲಿಸುವುದು ಅವರಿಂದ ಬಂದ ಕವಲುಗಳನ್ನೇ. ಈಟಿಯ ಮಾತನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಪಾಠದ ಹೆಸರು ಸಾನ್ ತಿ ಶಿ. ಆಕಾಶ, ಭೂಮಿ, ಮನುಷ್ಯ ಮೂರೂ ಸೇರಿದ ಭಂಗಿ ಅಂತ ಅರ್ಥ. ಎಡಗಾಲು ಮುಂದೆ, ಪಾದ ನೇರಕ್ಕೆ. ಬಲಗಾಲು ಹಿಂದೆ, ಪಾದ ಸುಮಾರು 45 ಡಿಗ್ರಿ ಹೊರಕ್ಕೆ. ಭಾರ ಹಿಂಗಾಲಿನ ಮೇಲೆ ಜಾಸ್ತಿ. ಕೆಲವರು 60-40 ಅನ್ನುತ್ತಾರೆ, ಕೆಲವರು 70-30. ಎಡಗೈ ಮುಂದೆ ಚಾಚಿರುತ್ತದೆ, ಮೊಣಕೈ ಸ್ವಲ್ಪ ಬಾಗಿರುತ್ತದೆ. ಬಲಗೈ ಹೊಕ್ಕುಳ ಹತ್ತಿರ. ಈಗ ಎರಡೂ ಕೈಗೆ ಒಂದು ಉದ್ದನೆಯ ಈಟಿ ಕೊಟ್ಟಂತೆ ಅಂದುಕೊಳ್ಳಿ. ಮುಂದಿನ ಕೈ ಗುರಿ ಹಿಡಿಯುತ್ತದೆ, ಹಿಂದಿನ ಕೈ ಸೊಂಟದ ಹತ್ತಿರ ಬುಡ ಹಿಡಿಯುತ್ತದೆ. ಕೈ ಯಾಕೆ ಹಾಗಿದೆ ಅಂತ ನನಗೆ ಅರ್ಥವಾಗಿದ್ದು ಹೀಗೆ ಯೋಚಿಸಿದ ಮೇಲೆ.

ಮೂಗಿನ ತುದಿ, ಮುಂದಿನ ಕೈಬೆರಳ ತುದಿ, ಮುಂದಿನ ಕಾಲ್ಬೆರಳ ತುದಿ ಮೂರೂ ಒಂದೇ ಗೆರೆಯಲ್ಲಿರಬೇಕು. ಇದಕ್ಕೆ ‘ಮೂರು ತುದಿಗಳ ಹೊಂದಾಣಿಕೆ’ ಅನ್ನುತ್ತಾರೆ. ಕನ್ನಡಿ ಮುಂದೆ ನಿಂತರೆ ಎರಡೇ ನಿಮಿಷದಲ್ಲಿ ಸರಿ ಮಾಡಿಕೊಳ್ಳಬಹುದು.

ಕಷ್ಟ ಇರುವುದು ಕನ್ನಡಿಯಲ್ಲಿ ಕಾಣದ ಕಡೆ. ಹಿಂಗಾಲಿನ ಮೊಣಕಾಲು ಸುಸ್ತಾದಾಗ ಸದ್ದಿಲ್ಲದೆ ಒಳಕ್ಕೆ ವಾಲುತ್ತದೆ. ನಾನು ಮೊದಲ ತಿಂಗಳು ತುಂಬಾ ತಗ್ಗಿ ನಿಲ್ಲುತ್ತಿದ್ದೆ, ತಗ್ಗಿದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಮೊಣಕಾಲಿನ ಒಳಬದಿಯಲ್ಲಿ ನೋವು ಶುರುವಾಯಿತು, ಮೆಟ್ಟಿಲು ಇಳಿಯುವಾಗ ಚುಚ್ಚುತ್ತಿತ್ತು. ಪರಿಹಾರ ಸರಳವಾಗಿತ್ತು. ಸ್ವಲ್ಪ ಎತ್ತರಕ್ಕೆ ನಿಂತೆ. ಮೊಣಕಾಲು ಪಾದದ ದಿಕ್ಕನ್ನೇ ನೋಡುವಂತೆ ಇಟ್ಟೆ. ಕುರ್ಚಿಯ ಅಂಚಿಗೆ ಕೂರುವವರ ಹಾಗೆ ತೊಡೆಸಂದಿಯಲ್ಲಿ ಮಡಿಸಿದೆ. ಆಗ ಭಾರ ಮೊಣಕಾಲಿನಿಂದ ತೊಡೆಗೆ, ತೊಡೆಯಿಂದ ಅಂಗಾಲಿಗೆ ಇಳಿಯಿತು. ಈಗಲೂ ಪ್ರತಿ ಸಲ ಇದನ್ನೇ ಮೊದಲು ನೋಡುತ್ತೇನೆ. ತೊಡೆ ಉರಿದರೆ ಪರವಾಗಿಲ್ಲ. ಮೊಣಕಾಲು ನೋವಾದರೆ ತಕ್ಷಣ ನಿಲ್ಲಿಸಿ, ದಯವಿಟ್ಟು.

ಇನ್ನು ತಲೆಯ ವಿಷಯಕ್ಕೆ ಬಂದರೆ, ‘ನೆತ್ತಿ ಮೇಲಕ್ಕೆ’ ಅನ್ನುತ್ತಾರೆ. ತಲೆ ಮೇಲೆ ನೀರಿನ ಕೊಡ ಹೊತ್ತವರ ಕತ್ತು ನೋಡಿದ್ದೀರಲ್ವಾ? ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಅದೇ. ಭುಜ ಮಾತ್ರ ತಂತಿಗೆ ಹಾಕಿದ ಒದ್ದೆ ಬಟ್ಟೆಯ ಹಾಗೆ ಕೆಳಗೆ ಇಳಿಯಬೇಕು, ಮೊಣಕೈ ನೆಲ ನೋಡಬೇಕು. ಭುಜ ಮೇಲೆದ್ದರೆ ಕೈ ಮೈಯಿಂದ ಕಡಿದುಹೋದ ಹಾಗೆ. ನೆಲದಿಂದ ಬಂದ ಬಲ ಬೆರಳಿಗೆ ತಲುಪುವುದೇ ಇಲ್ಲ. ‘ಒಳಶೈಲಿ’ ಅಂದರೆ ಏನು ಅಂತ ಜನ ಕೇಳುತ್ತಾರೆ. ಶುರುವಿನಲ್ಲಿ ನಮಗೆ ಬೇಕಾದಷ್ಟು ಅರ್ಥ ಇಷ್ಟೇ ಅನ್ನಿಸುತ್ತದೆ: ಕೈಯೊಂದೇ ಹೊಡೆಯುವುದಲ್ಲ, ಪಾದದಿಂದ ಬೆರಳತನಕ ಇಡೀ ಮೈ ಒಂದಾಗಿ ಹೊಡೆಯುವುದು. ‘ಚಿ’, ಅಂದರೆ ಚೀನೀಯರು ಹೇಳುವ ಪ್ರಾಣಶಕ್ತಿ, ಅದರ ಬಗ್ಗೆ ಮಾತು ಆಮೇಲೆ ಆಡಬಹುದು.

ಇದನ್ನೇ ಹಿರಿಯರು ‘ಆರು ಹೊಂದಿಕೆ’ ಅಂತ ಲೆಕ್ಕ ಹಾಕಿದ್ದಾರೆ. ಹೊರಗಿನ ಮೂರು: ಕೈ-ಪಾದ, ಮೊಣಕೈ-ಮೊಣಕಾಲು, ಭುಜ-ಸೊಂಟ. ಒಳಗಿನ ಮೂರು: ಹೃದಯ-ಉದ್ದೇಶ, ಉದ್ದೇಶ-ಚಿ, ಚಿ-ಬಲ. ಹೊರಗಿನ ಮೂರು ಕಣ್ಣಿಗೆ ಕಾಣುತ್ತವೆ, ಅಲ್ಲಿಂದ ಶುರು ಮಾಡಿ.

ನಿಂತ ಮೇಲೆ ಹೊಡೆತ. ಶಿಂಗ್ ಯಿಯಲ್ಲಿ ಮೂಲ ಮುಷ್ಟಿಗಳು ಐದು, ಒಂದೊಂದಕ್ಕೂ ಒಂದು ತತ್ತ್ವ: ಪಿ (ಲೋಹ), ಜುವಾನ್ (ನೀರು), ಬೆಂಗ್ (ಮರ), ಪಾವ್ (ಬೆಂಕಿ), ಹೆಂಗ್ (ಮಣ್ಣು). ಲೋಹದಿಂದ ನೀರು, ನೀರಿನಿಂದ ಮರ, ಹೀಗೆ ಒಂದರಿಂದ ಒಂದು ಹುಟ್ಟುವ ಕ್ರಮ ಇದು. ಐದನ್ನೂ ಒಟ್ಟಿಗೆ ಹಿಡಿಯಬೇಡಿ. ಪಿ ಒಂದೇ ಸಾಕು.

ಪಿ ಅಂದರೆ ಸೀಳುವುದು. ಕೊಡಲಿಯಿಂದ ಸೌದೆ ಒಡೆಯುವ ಹಾಗೆ. ಸಾನ್ ತಿ ಶಿಯಿಂದ ಮುಂದಿನ ಕೈ ಮುಷ್ಟಿಯಾಗಿ ಹೊಟ್ಟೆಗೆ ಬರುತ್ತದೆ. ಅಲ್ಲಿಂದ ಎದೆಯ ನಡುವೆಯೇ ಮೇಲಕ್ಕೆ, ತಿರುಚಿಕೊಂಡು ಮುಂದಕ್ಕೆ ಏಳುತ್ತದೆ. ಮುಂದಿನ ಪಾದ ಹೊರಕ್ಕೆ ತಿರುಗಿ ಸ್ವಲ್ಪ ಮುಂದೆ ಬೀಳುತ್ತದೆ. ಈಗ ಹಿಂದಿನ ಕಾಲು ದೊಡ್ಡ ಹೆಜ್ಜೆ ಇಡುತ್ತದೆ. ಅದೇ ಹೊತ್ತಿಗೆ ಆ ಬದಿಯ ಕೈ ಎದ್ದ ಕೈಯ ಮೇಲಿಂದ ಹಾದು, ಅಂಗೈ ಮಗುಚಿ ಕೆಳಗೆ ಸೀಳುತ್ತದೆ. ‘ಏಳುವಾಗ ಕೊರೆ, ಇಳಿಯುವಾಗ ಮಗುಚು’ ಅನ್ನುವುದು ಇದಕ್ಕೇ. ಕೊನೆಗೆ ಹಿಂದುಳಿದ ಕಾಲು ಅರ್ಧ ಹೆಜ್ಜೆ ಮುಂದೆ ಸರಿಯುತ್ತದೆ. ನೋಡಿ, ನೀವು ಮತ್ತೆ ಸಾನ್ ತಿ ಶಿಯಲ್ಲೇ ನಿಂತಿದ್ದೀರಿ, ಈ ಸಲ ಬಲಬದಿ ಮುಂದೆ. ಎಲ್ಲವೂ ಈ ಭಂಗಿಯಿಂದಲೇ ಹುಟ್ಟುತ್ತವೆ ಅಂತ ಯಾಕೆ ಹೇಳುತ್ತಾರೆ ಅನ್ನುವುದು ಆಗ ಮೈಗೇ ತಿಳಿಯುತ್ತದೆ.

ಆ ಹಿಂಬಾಲಿಸುವ ಅರ್ಧ ಹೆಜ್ಜೆಯನ್ನು ಸುಮ್ನೆ ಬಿಡಬೇಡಿ. ಇಡೀ ಮೈಯ ಭಾರ ಹೊಡೆತದ ಹಿಂದೆ ಬರುವುದು ಅದರಿಂದಲೇ. ಗುವೊ ಯುನ್‌ಶೆನ್ ಎಂಬ ಗುರುಗಳು ಸೆರೆಮನೆಯಲ್ಲಿದ್ದಾಗ ಕಾಲಿಗೆ ಸಂಕೋಲೆ ಇದ್ದದ್ದರಿಂದ ಅರ್ಧ ಹೆಜ್ಜೆಯಲ್ಲೇ ಬೆಂಗ್ ಸಾಧನೆ ಮಾಡಿದರು ಅಂತ ಒಂದು ದಂತಕಥೆ ಇದೆ. ಕಥೆ ನಿಜವೋ ಏನೋ, ಅರ್ಧ ಹೆಜ್ಜೆಗೆ ಎಷ್ಟು ಬೆಲೆ ಅಂತ ಅದು ಚೆನ್ನಾಗಿ ಹೇಳುತ್ತದೆ.

ನನ್ನ ಈಗಿನ ಅಭ್ಯಾಸ: ಎಡ, ಬಲ ಎರಡೂ ಕಡೆ ಮೂರು ಮೂರು ನಿಮಿಷ ನಿಲ್ಲುವುದು, ಮೂಗಿನಲ್ಲಿ ಸಹಜ ಉಸಿರು. ಆಮೇಲೆ ಮಹಡಿಯ ಮೇಲೆ ಆ ಗೋಡೆಯಿಂದ ಈ ಗೋಡೆಗೆ ಪಿ, ನಿಧಾನವಾಗಿ. ಬರಿಗಾಲಲ್ಲಿ ಮಾಡುತ್ತೇನೆ, ಪಾದ ಊರಿದ ಸದ್ದು ಕೇಳಲಿ ಅಂತ. ಕೈ ತಲುಪುವುದು, ಪಾದ ಊರುವುದು ಒಂದೇ ಕ್ಷಣ ಆಗಬೇಕು. ಸದ್ದು ಮೊದಲು ಬಂದು ಕೈ ಆಮೇಲೆ ಬಂದರೆ ಆ ಹೆಜ್ಜೆ ತಪ್ಪಿದೆ ಅಂತ ಅರ್ಥ. ಅಲ್ಲೇ ನಿಂತು, ಮೊಣಕಾಲು ನೋಡಿಕೊಂಡು, ಮುಂದಿನ ಹೆಜ್ಜೆ.