ಬ್ರಿಟಿಷರ ವಿರುದ್ಧ ಬಾಂಬ್ ತಯಾರಿಸಿದ ಅಜ್ಞೇಯರು ಅವರದೇ ಸೇನೆ ಸೇರಿದ್ದೇಕೆ?

ಓದುಗರ ಪ್ರಶ್ನೆ: ಹಿಂದಿಯ ಕವಿ, ಕಾದಂಬರಿಕಾರ ಅಜ್ಞೇಯರು ಕ್ರಾಂತಿಕಾರಿಯಾಗಿ ಜೈಲು ಕಂಡವರು. ಅವರೇ ಮುಂದೆ ಬ್ರಿಟಿಷ್ ಇಂಡಿಯಾದ ಸೇನೆಯಲ್ಲಿ ಅಧಿಕಾರಿಯಾಗಿದ್ದರಂತೆ. ಇದು ಹೇಗೆ? ಅವರು ಪಕ್ಷ ಬದಲಿಸಿದರೇ?

ಉತ್ತರ: ಅಜ್ಞೇಯರ ಮಾತು ಬಂದಲ್ಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ಅವರು ಪಕ್ಷ ಬದಲಿಸಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಆಧಾರ ಅವರ ಸೇನಾ ದಿನಗಳಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ, ಸೇನೆ ಸೇರಿದ ವರ್ಷವೇ ಅವರು ಸಂಪಾದಿಸಿದ ಒಂದು ಪುಸ್ತಕದಲ್ಲಿ ಸಿಗುತ್ತದೆ.

ಅಜ್ಞೇಯ, ಅಂದರೆ ಸಚ್ಚಿದಾನಂದ ಹೀರಾನಂದ ವಾತ್ಸ್ಯಾಯನರು ಹುಟ್ಟಿದ್ದು 1911ರ ಮಾರ್ಚ್ 7ರಂದು, ಕುಶಿನಗರದ ಉತ್ಖನನ ಶಿಬಿರವೊಂದರಲ್ಲಿ. ತಂದೆ ಹೀರಾನಂದ ಶಾಸ್ತ್ರಿಗಳು ಪುರಾತತ್ವ ಇಲಾಖೆಯ ವಿದ್ವಾಂಸರು. ಅವರಿಗೆ ವರ್ಗವಾದಂತೆಲ್ಲ ಮನೆಯೂ ಊರೂರು ಸುತ್ತಿತು: ಲಖನೌ, ಶ್ರೀನಗರ, ಜಮ್ಮು, ನಾಲಂದಾ, ಉದಕಮಂಡಲ. ದಕ್ಷಿಣದಲ್ಲಿದ್ದಾಗ ಹುಡುಗನಿಗೆ ಉಡುಪಿಯ ಮಾಧ್ವ ಯತಿಗಳಿಂದ ಉಪನಯನವಾಯಿತು ಎಂದು ಅವರ ಜೀವನವೃತ್ತಾಂತಗಳು ಹೇಳುತ್ತವೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದಿ, 1929ರಲ್ಲಿ ಲಾಹೋರಿನ ಫೋರ್‌ಮನ್ ಕ್ರಿಶ್ಚಿಯನ್ ಕಾಲೇಜಿನಿಂದ ಬಿ.ಎಸ್‌ಸಿ. ಮುಗಿಸಿದರು. ಇಂಗ್ಲಿಷ್ ಎಂ.ಎ.ಗೆ ಸೇರಿದರೂ ಓದು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಅವರು ಭಗತ್ ಸಿಂಗ್‌ರ ಸಂಗಾತಿಗಳ ಜೊತೆ ಸೇರಿಯಾಗಿತ್ತು. ಅವರ ಹಿಂದೂಸ್ತಾನ್ ಸೋಷಲಿಸ್ಟ್ ರಿಪಬ್ಲಿಕನ್ ಸಂಘಟನೆಗೆ ಬಾಂಬ್ ತಯಾರಿಸಲು ರಸಾಯನಶಾಸ್ತ್ರ ಬಲ್ಲ ಹುಡುಗ ಎಷ್ಟು ಬೇಕಾಗಿದ್ದನೆಂದು ಬೇರೆ ಹೇಳಬೇಕಾಗಿಲ್ಲ. 1930ರ ನವೆಂಬರ್‌ನಲ್ಲಿ ಅಮೃತಸರದಲ್ಲಿ ಸೆರೆಸಿಕ್ಕರು. ಮುಂದಿನ ಕೆಲವು ವರ್ಷಗಳ ಬಹುಪಾಲು ಜೈಲು ಮತ್ತು ಗೃಹಬಂಧನದಲ್ಲಿ ಕಳೆಯಿತು.

ಬರೆಹ ಬಲಿತದ್ದು ಆ ಸೆರೆಯಲ್ಲೇ. ಜೈಲಿನಿಂದ ಬಂದ ಕತೆಗಳನ್ನು ಲೇಖಕ ಜೈನೇಂದ್ರ ಕುಮಾರರು ಪತ್ರಿಕಾ ಸಂಪಾದಕರೂ ಆಗಿದ್ದ ಪ್ರೇಮಚಂದರಿಗೆ ತಲುಪಿಸಿದರು. ಬರೆದವನ ಹೆಸರು ಅಚ್ಚಿಸುವಂತಿರಲಿಲ್ಲ, ಹಾಗಾಗಿ ‘ಅಜ್ಞೇಯ’ ಎಂದಾಯಿತು. ಆ ಅಂಕಿತ ಕತೆ, ಕವಿತೆಗಳಿಗೆ ಉಳಿಯಿತು. ಉಳಿದ ಬರೆಹಗಳಿಗೆ ಅವರು ವಾತ್ಸ್ಯಾಯನ ಎಂದೇ ಸಹಿ ಹಾಕುತ್ತಿದ್ದರು. ‘ಶೇಖರ್: ಏಕ್ ಜೀವನೀ’ ಕಾದಂಬರಿಯ ಬೇರು ಕೂಡ ಜೈಲಿನಲ್ಲಿದೆ. ಗಲ್ಲಿಗೇರಲು ಕಾಯುತ್ತಿರುವ ಯುವಕನೊಬ್ಬ ತನ್ನ ಬಾಳನ್ನು ತಿರುಗಿ ನೋಡುವ ಈ ಕೃತಿ, ತೀವ್ರ ನೋವಿನ ಒಂದೇ ರಾತ್ರಿಯಲ್ಲಿ ಕಂಡದ್ದನ್ನು ಶಬ್ದಕ್ಕಿಳಿಸುವ ಯತ್ನ ಎಂದು ಅವರೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ.

ಈಗ ಸೇನೆಯ ವಿಷಯ. 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ವಶವಾಯಿತು. ಯುದ್ಧ ಅಸ್ಸಾಮಿನ ಬಾಗಿಲಿಗೆ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಚಲೇಜಾವ್ ಚಳವಳಿ ಭುಗಿಲೆದ್ದು ಕಾಂಗ್ರೆಸ್ ನಾಯಕರೆಲ್ಲ ಜೈಲು ಸೇರಿದರು. ದೇಶಪ್ರೇಮಿಯಾದವನು ಬ್ರಿಟಿಷ್ ಸೇನೆಯ ನೆರಳಿಗೂ ಹೋಗಬಾರದು ಎಂಬ ಭಾವನೆ ಬಲವಾಗಿದ್ದ ಕಾಲ ಅದು. ಅಜ್ಞೇಯರು 1942ರಲ್ಲಿ ದೆಹಲಿಯಲ್ಲಿ ಫ್ಯಾಸಿಸಂ ವಿರೋಧಿ ಲೇಖಕರ ಸಮಾವೇಶ ನಡೆಸಲು ದುಡಿದರು, 1943ರಲ್ಲಿ ಸೇನೆ ಸೇರಿದರು, ಅಸ್ಸಾಂ ಮತ್ತು ಬರ್ಮಾ ಗಡಿಯತ್ತ ಹೋದರು. ಅಲ್ಲಿ ಅವರಿಗೆ ಸಿಕ್ಕದ್ದು ಜನರನ್ನು ಜಪಾನೀಯರ ವಿರುದ್ಧ ಪ್ರತಿರೋಧಕ್ಕೆ ಸಜ್ಜುಗೊಳಿಸುವ ಕೆಲಸ. 1946ರಲ್ಲಿ ಸೇನೆ ಬಿಟ್ಟರು. ಹಳೆಯ ಒಡೆಯನನ್ನು ಓಡಿಸುವ ಆತುರದಲ್ಲಿ ಇನ್ನೂ ಕ್ರೂರನಾದ ಹೊಸ ಒಡೆಯನಿಗೆ ಬಾಗಿಲು ತೆರೆಯಬಾರದು ಎಂಬುದು ಅವರ ನಿಲುವಿನ ತಿರುಳು. ಆ ಹೊತ್ತಿನಲ್ಲಿ ಜೈಲಿನಲ್ಲಿದ್ದ ಚಳವಳಿಗಾರರಿಗೆ ಇದು ಹಿಡಿಸದೆ ಹೋದದ್ದು ಸಹಜ. ಆದರೆ ಇದನ್ನು ಅವಕಾಶವಾದ ಎನ್ನುವುದು ಅನ್ಯಾಯ. ಹಾಗೆ ಮಾಡಿ ಅವರು ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಎಡದವರೂ ಬಲದವರೂ ಕೊನೆಯವರೆಗೆ ಅವರನ್ನು ಸಂಶಯದಿಂದಲೇ ನೋಡಿದರು.

ಆ ವರ್ಷಗಳು ಅವರೊಳಗೆ ಏನು ಮಾಡಿದವೆಂದು ತಿಳಿಯಲು ‘ಜಯದೋಲ್’ ಕತೆ ಓದಬೇಕು. ಮಳೆಗಾಲದ ಅಸ್ಸಾಂ. ಕೆಸರಿನಲ್ಲಿ ಹೂತ ಟ್ರಕ್. ಲೆಫ್ಟಿನೆಂಟ್ ಸಾಗರ್ ಕೆಸರು ಮೆತ್ತಿದ ಚರ್ಮದ ಕೈಗವಸನ್ನು ಕಳಚಿ ಟ್ರಕ್ಕಿನ ಬಾಗಿಲಿಗೆ ಬಡಿದು, ಗಾಡಿಯ ಜೊತೆ ಇರು ಎಂದು ಗುರುಂಗ್‌ಗೆ ಹೇಳಿ ನಡೆಯತೊಡಗುತ್ತಾನೆ. ಶಿವಸಾಗರದ ಹತ್ತಿರ ಆಹೋಮ್ ರಾಜರ ಕಾಲದ ಪಾಳು ಕಟ್ಟಡದಲ್ಲಿ ಆಸರೆ ಪಡೆದವನಿಗೆ ರಾಣಿ ಜಯಮತಿಯ ಕತೆ ಕಣ್ಣೆದುರು ನಡೆಯುತ್ತದೆ. ಗಂಡ ಅಡಗಿರುವ ಜಾಗ ಹೇಳು ಎಂದು ರಾಜ ಚುಲಿಕ್‌ಫಾ ಹಿಂಸಿಸುತ್ತಾನೆ, ಅವಳು ಬಾಯಿ ಬಿಡುವುದಿಲ್ಲ. ತಾಯಿಯ ನೆನಪಿಗೆ ಮಗ ರುದ್ರಸಿಂಹ ಕಟ್ಟಿಸಿದ ಕೆರೆ ಮತ್ತು ಗುಡಿ ಇವತ್ತಿಗೂ ಅಲ್ಲಿವೆ. ಸಾಮ್ರಾಜ್ಯದ ಸಮವಸ್ತ್ರ ತೊಟ್ಟ ಅಧಿಕಾರಿ, ಅಧಿಕಾರದ ಎದುರು ಮೌನವಾಗಿ ನಿಂತ ಹೆಣ್ಣನ್ನು ನೋಡುತ್ತಿದ್ದಾನೆ. ಪೊಲೀಸರ ವಿಚಾರಣೆ ಎದುರಿಸಿದ ಮನುಷ್ಯ ಈ ದೃಶ್ಯ ಬರೆದಿದ್ದಾರೆ ಎಂಬುದನ್ನು ಮರೆತು ನಾನು ಅದನ್ನು ಓದಲಾರೆ.

ಇನ್ನು ನಾನು ಹೇಳಿದ ಆ ಪುಸ್ತಕ. ಸೇನೆ ಸೇರಿದ ಅದೇ 1943ರಲ್ಲಿ ಅಜ್ಞೇಯರು ‘ತಾರ್ ಸಪ್ತಕ್’ ಹೊರತಂದರು. ಏಳು ಕವಿಗಳು, ಪ್ರತಿಯೊಬ್ಬರ ಕವಿತೆಗಳ ಜೊತೆಗೆ ಅವರದೇ ಮಾತು: ಮುಕ್ತಿಬೋಧ್, ನೇಮಿಚಂದ್ರ ಜೈನ್, ಭಾರತಭೂಷಣ ಅಗ್ರವಾಲ್, ಪ್ರಭಾಕರ ಮಾಚವೆ, ಗಿರಿಜಾಕುಮಾರ ಮಾಥುರ್, ರಾಮವಿಲಾಸ್ ಶರ್ಮಾ, ಏಳನೆಯವರು ಸ್ವತಃ ಅಜ್ಞೇಯ. ಇವರಲ್ಲಿ ಹಲವರು ಮಾರ್ಕ್ಸ್‌ವಾದಿಗಳು. ಲೇಖಕ ಯಾವ ಪಕ್ಷದ ಶಿಸ್ತಿಗೂ ಕೊರಳೊಡ್ಡಬಾರದು ಎನ್ನುವ ಸಂಪಾದಕ ಅವರನ್ನು ಕೂಡಿಸಿದ್ದ. ಇವರು ಯಾವ ಒಂದು ಪಂಥಕ್ಕೂ ಸೇರಿದವರಲ್ಲ, ಗುರಿ ಮುಟ್ಟಿದವರೂ ಅಲ್ಲ, ದಾರಿಗಳನ್ನು ಹುಡುಕುತ್ತಿರುವವರು ಎಂದು ಮುನ್ನುಡಿಯಲ್ಲಿ ಬರೆದರು. ಹಿಂದಿ ಕಾವ್ಯದಲ್ಲಿ ‘ಪ್ರಯೋಗವಾದ’ ಎಂಬ ಚರ್ಚೆ ಶುರುವಾದದ್ದು ಇಲ್ಲಿಂದ. ಅದನ್ನೊಂದು ವಾದವೆಂದು ಕರೆಯುವುದನ್ನು ಅಜ್ಞೇಯರು ಒಪ್ಪಲೇ ಇಲ್ಲ.

ಮುಕ್ತಿಬೋಧರ ಮೊದಲ ಸ್ವಂತ ಕವನ ಸಂಕಲನ ಹೊರಬಂದದ್ದು 1964ರಲ್ಲಿ. ಅವರು ತೀರಿಕೊಂಡದ್ದೂ ಅದೇ ವರ್ಷ. ಅವರ ದನಿಯನ್ನು 21 ವರ್ಷ ಮೊದಲೇ ಗುರುತಿಸಿ ಪುಸ್ತಕದಲ್ಲಿ ಸೇರಿಸಿದವರು, ತಾತ್ವಿಕವಾಗಿ ಅವರ ಎದುರಾಳಿ ಎನಿಸಿಕೊಂಡ ಈ ಸಂಪಾದಕರು. ಈ ಗುಣವನ್ನು ನಾನು ಅವರ ಕವಿತೆಗಿಂತಲೂ ಒಂದು ಕೈ ಹೆಚ್ಚು ಪ್ರೀತಿಸುತ್ತೇನೆ. 1951ರ ಎರಡನೇ ಸಪ್ತಕದಲ್ಲಿ ಶಮಶೇರ್ ಬಹಾದುರ್ ಸಿಂಗ್, ರಘುವೀರ್ ಸಹಾಯ್, ಧರ್ಮವೀರ್ ಭಾರತಿ, ನರೇಶ್ ಮೆಹ್ತಾ ಬಂದರು. 1959ರ ಮೂರನೆಯದರಲ್ಲಿ ಕೇದಾರನಾಥ್ ಸಿಂಗ್, ಕುಂವರ್ ನಾರಾಯಣ್, ಸರ್ವೇಶ್ವರ್ ದಯಾಳ್ ಸಕ್ಸೇನಾ. ಸಪ್ತಕಗಳ ಕವಿಗಳ ಪೈಕಿ ಮೆಹ್ತಾ, ಕುಂವರ್ ನಾರಾಯಣ್, ಕೇದಾರನಾಥ್ ಸಿಂಗ್ ಮುಂದೆ ಜ್ಞಾನಪೀಠ ಪಡೆದರು. 1978ರ ಜ್ಞಾನಪೀಠ ಅಜ್ಞೇಯರಿಗೇ ಬಂತು. ಅದರ ಹಿಂದಿನ ವರ್ಷದ್ದು ನಮ್ಮ ಶಿವರಾಮ ಕಾರಂತರಿಗೆ ಸಂದಿತ್ತು.

ಪತ್ರಿಕೆಗಳಲ್ಲೂ ಅದೇ ಚಾಳಿ. ಆಗ್ರಾದ ‘ಸೈನಿಕ್’, ಕಲಕತ್ತೆಯ ‘ವಿಶಾಲ್ ಭಾರತ್’ಗಳಲ್ಲಿ ದುಡಿದು, 1947ರಲ್ಲಿ ‘ಪ್ರತೀಕ್’ ಆರಂಭಿಸಿದರು. ದೊಡ್ಡ ಓದುಗವಲಯ ಸಿಕ್ಕಿದ್ದು 1965ರಲ್ಲಿ ಶುರುವಾದ ‘ದಿನಮಾನ್’ ವಾರಪತ್ರಿಕೆಯಿಂದ. ರಾಜಕೀಯ, ವಿಜ್ಞಾನ, ಕಲೆ, ವಿದೇಶ ವ್ಯವಹಾರ ಎಲ್ಲವನ್ನೂ ಹಿಂದಿಯಲ್ಲೇ ಗಂಭೀರವಾಗಿ ಬರೆಯಬಹುದು, ಇಂಗ್ಲಿಷಿನ ಅನುವಾದಕ್ಕೆ ಕಾಯಬೇಕಿಲ್ಲ ಎಂದು ಆ ಪತ್ರಿಕೆ ತೋರಿಸಿತು. ಸುದ್ದಿಮನೆಯಲ್ಲಿ ಕವಿಗಳಿದ್ದರು. 1966ರಲ್ಲಿ ಬಿಹಾರಕ್ಕೆ ಭೀಕರ ಬರ ಬಂದಾಗ ಸಂಪಾದಕರು ತಾವೇ ಹೊರಟು ಕಾದಂಬರಿಕಾರ ಫಣೀಶ್ವರನಾಥ ರೇಣು ಅವರೊಂದಿಗೆ ಬರಪೀಡಿತ ಹಳ್ಳಿಗಳನ್ನು ಸುತ್ತಿದರು; ರೇಣು ಬರೆದ ವರದಿಗಳು ‘ದಿನಮಾನ್’ನಲ್ಲಿ ಬಂದವು. ಅಜ್ಞೇಯರ ನಂತರ ಆ ಕುರ್ಚಿಯಲ್ಲಿ ಕುಳಿತವರು ರಘುವೀರ್ ಸಹಾಯ್. ಎಪ್ಪತ್ತರ ದಶಕದಲ್ಲಿ ಜಯಪ್ರಕಾಶ ನಾರಾಯಣರ ಇಂಗ್ಲಿಷ್ ವಾರಪತ್ರಿಕೆ ‘ಎವೆರಿಮ್ಯಾನ್ಸ್’ ಅನ್ನೂ ‘ನವಭಾರತ್ ಟೈಮ್ಸ್’ ಎಂಬ ಹಿಂದಿ ದಿನಪತ್ರಿಕೆಯನ್ನೂ ಅಜ್ಞೇಯರು ಸಂಪಾದಿಸಿದರು.

ಅವರ ಮೇಲೆ ಇನ್ನೊಂದು ಆರೋಪವಿದೆ, ಅದನ್ನು ಮುಚ್ಚಿಟ್ಟರೆ ಉತ್ತರ ಪೂರ್ತಿಯಾಗದು. ಐವತ್ತರ ದಶಕದಲ್ಲಿ ಅವರು ‘ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ’ ಎಂಬ ಕಮ್ಯುನಿಸ್ಟ್ ವಿರೋಧಿ ಅಂತರರಾಷ್ಟ್ರೀಯ ಲೇಖಕ-ಚಿಂತಕರ ಸಂಸ್ಥೆಯ ಭಾರತೀಯ ಶಾಖೆಯ ಸಂಪರ್ಕದಲ್ಲಿದ್ದರು. ಆ ಸಂಸ್ಥೆಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಹಣ ಹರಿಯುತ್ತಿತ್ತೆಂದು 1966–67ರಲ್ಲಿ ಬಯಲಾಯಿತು. ಎಡಪಂಥೀಯ ವಿಮರ್ಶಕರು ಇದನ್ನು ಅವರ ವಿರುದ್ಧ ಮತ್ತೆ ಮತ್ತೆ ಎತ್ತಿದರು. ಪ್ರಶ್ನೆ ಕೇಳಬೇಕಾದದ್ದೇ. ಆದರೆ ತಮಗೆ ಒಪ್ಪಿಗೆಯಿಲ್ಲದ ಕವಿಗಳನ್ನು ಒಂದಾದ ಮೇಲೊಂದು ಸಪ್ತಕಕ್ಕೆ ಕರೆದು ಜಾಗ ಕೊಟ್ಟವರನ್ನು ಯಾರದೋ ಕೈಗೊಂಬೆ ಎಂದು ನಂಬಲು ನನಗೆ ಮನಸ್ಸು ಬರುವುದಿಲ್ಲ.

ಅಜ್ಞೇಯರನ್ನು ಹೊಸದಾಗಿ ಓದಬೇಕೆನ್ನುವವರು ಸಣ್ಣಕತೆಗಳಿಂದ ಆರಂಭಿಸಿ: ‘ಜಯದೋಲ್’, ಆಮೇಲೆ ‘ರೋಜ್’. ‘ಶೇಖರ್’ ಸ್ವಲ್ಪ ಕಾಯಲಿ. ಅದು ತಾಳ್ಮೆ ಬೇಡುವ ಕೃತಿ. ಮೊದಲ ಭಾಗ 1941ರಲ್ಲಿ, ಎರಡನೆಯದು 1944ರಲ್ಲಿ ಬಂತು. ಮೂರನೆಯ ಭಾಗವನ್ನು ಅಂಗಡಿಯಲ್ಲಿ ಹುಡುಕಬೇಡಿ. 1987ರ ಏಪ್ರಿಲ್‌ನಲ್ಲಿ ಅವರು ತೀರಿಕೊಳ್ಳುವವರೆಗೂ ಅದು ಪ್ರಕಟವಾಗಲಿಲ್ಲ.