‘ನನಗೇನೂ ಬೇಡ, ಹೋಗಿ’ ಅನ್ನುವ ಹಿರಿಯರಿಗೆ ಸಹಾಯ ಮಾಡುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ಪಕ್ಕದ ಮನೆಯಲ್ಲಿ ವಯಸ್ಸಾದವರೊಬ್ಬರು ಒಬ್ಬರೇ ಇದ್ದಾರೆ. ದಿನೇ ದಿನೇ ಸೊರಗುತ್ತಿದ್ದಾರೆ, ಮನೆ ಗಲೀಜಾಗಿದೆ. ಸಹಾಯ ಮಾಡುತ್ತೇವೆ ಅಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಇಂಥವರ ಜೊತೆ ನೀವು ಸಮಾಜ ಕಾರ್ಯಕರ್ತರು ಏನು ಮಾಡುತ್ತೀರಿ? ಬಲವಂತ ಮಾಡಬಹುದಾ?

ಈ ಪ್ರಶ್ನೆಯನ್ನು ನನಗೆ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಒಳ್ಳೆಯದಕ್ಕೇ ಹೋದಾಗ ಮುಖದ ಮೇಲೆ ಬಾಗಿಲು ಹಾಕಿದರೆ ಯಾರಿಗೆ ತಾನೇ ಬೇಜಾರಾಗಲ್ಲ? ನೇರವಾಗಿ ಹೇಳುತ್ತೇನೆ. ಅಪರೂಪದ ಸಂದರ್ಭ ಬಿಟ್ಟರೆ ಬಲವಂತ ಮಾಡುವ ಹಾಗಿಲ್ಲ. ಹಾಗಂತ ‘ಅವರಿಗೇ ಬೇಡವಂತೆ’ ಅಂತ ಸುಮ್ನೆ ಕೈ ಬಿಡುವ ಹಾಗೂ ಇಲ್ಲ. ನನ್ನ ಕೆಲಸದ ಹೆಚ್ಚಿನ ದಿನಗಳು ಈ ಎರಡರ ನಡುವೆಯೇ ಕಳೆದಿವೆ.

ಮೊದಲು ಆ ‘ಬೇಡ’ ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಬೇಕು. ಒಳಗೆ ಬಿಟ್ಟರೆ ಇವರು ಏನೋ ಬರೆದುಕೊಂಡು ಹೋಗುತ್ತಾರೆ, ಆಮೇಲೆ ಇನ್ಯಾರೋ ಬರುತ್ತಾರೆ, ಕೊನೆಗೆ ನನ್ನನ್ನು ಎಲ್ಲಿಗೋ ಸಾಗಹಾಕುತ್ತಾರೆ ಅನ್ನುವ ಭಯ ಬಹಳ ಜನರಿಗಿದೆ. ಕೆಲವರಿಗೆ ನಾಚಿಕೆ. ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ, ಅದು ಬೇರೆಯವರಿಗೆ ಗೊತ್ತಾಗಬಾರದು. ಇನ್ನು ಕೆಲವರು ಹಿಂದೆ ಸಹಾಯದ ಹೆಸರಿನಲ್ಲೇ ಮೋಸ ಹೋದವರು, ಯಾವುದೋ ಕಾಗದಕ್ಕೆ ಸಹಿ ಹಾಕಿ ದುಡ್ಡು ಕಳೆದುಕೊಂಡವರು. ಕಿವಿ ಸರಿಯಾಗಿ ಕೇಳದೆ, ನಾನು ಹೇಳಿದ್ದೇ ಅರ್ಥವಾಗದೆ ಬೇಡ ಅಂದವರೂ ಇದ್ದಾರೆ.

ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ). ಮೊದಲ ನಾಲ್ಕು ಸಲ ಕಿಟಕಿಯಿಂದಲೇ ‘ಎಲ್ಲ ಸರಿಯಾಗಿದೆ, ಹೋಗಿ’ ಅಂದರು. ನಾನು ‘ಸರಿ ಅಜ್ಜಿ, ಮುಂದಿನ ಗುರುವಾರ ಹತ್ತು ಗಂಟೆಗೆ ಬರುತ್ತೇನೆ’ ಅಂತ ಹೇಳಿ ಹೊರಟುಬಿಡುತ್ತಿದ್ದೆ. ಹೇಳಿದ ದಿನ ಹೇಳಿದ ಹೊತ್ತಿಗೆ ಹೋಗುತ್ತಿದ್ದೆ, ಅಷ್ಟೇ. ಐದನೇ ಸಲ ಅವರೇ ಒಂದು ಲಕೋಟೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಕನ್ನಡಕ ಒಡೆದು ಎಷ್ಟೋ ತಿಂಗಳಾಗಿತ್ತಂತೆ. ‘ಇದೊಂದು ಓದಿ ಹೇಳಿ’ ಅಂದರು. ಓದಿದೆ. ಮುಂದಿನ ವಾರ ಒಳಗೆ ಕರೆದರು. ಮೇಜಿನ ಮೇಲೆ ಒಡೆಯದ ಲಕೋಟೆಗಳ ರಾಶಿಯೇ ಇತ್ತು. ಅದರ ಮಧ್ಯದಲ್ಲಿದ್ದ ಒಂದು ಕಾಗದದಲ್ಲಿ, ಅರ್ಜಿ ತುಂಬಿ ಕಳಿಸದ ಕಾರಣ ಪಿಂಚಣಿ ನಿಲ್ಲಿಸಿದ್ದೇವೆ ಅಂತ ಬರೆದಿತ್ತು. ಅಕ್ಕಪಕ್ಕದವರು ನನಗೆ ಹೇಳಿದ್ದು, ‘ಮರೆವಿನ ಕಾಯಿಲೆ, ಊಟ ಮಾಡೋದನ್ನೇ ಮರೆತುಬಿಡ್ತಾರೆ’ ಅಂತ. ಅವರಿಗೆ ಮರೆವು ಇರಲಿಲ್ಲ, ದುಡ್ಡು ಇರಲಿಲ್ಲ. ಯಾರನ್ನೂ ಕೇಳಲಾಗದೆ ದಿನಕ್ಕೆ ಒಂದೇ ಹೊತ್ತು ಊಟ ಮಾಡುತ್ತಿದ್ದರು.

ಅದಾದ ಮೇಲೆ ಯಾರಾದರೂ ‘ವಯಸ್ಸಾಯ್ತು, ಬುದ್ಧಿ ಮಂಕಾಗಿದೆ’ ಅಂದರೆ ನಾನು ಅಲ್ಲಿಗೇ ನಿಲ್ಲುವುದಿಲ್ಲ.

ಒಳಗೆ ಹೋದ ಮೇಲೆ ನಾವು ಏನು ನೋಡುತ್ತೇವೆ ಗೊತ್ತಾ? ಮನೆಯ ಧೂಳಿಗಿಂತ ಮೊದಲು ಅವರ ಕಾಲು ನೋಡುತ್ತೇನೆ. ಬಗ್ಗಲಾಗದೆ ಕಾಲಿನ ಉಗುರು ತಿಂಗಳುಗಟ್ಟಲೆ ಬೆಳೆದು ಸುತ್ತಿಕೊಂಡಿದ್ದರೆ ಚಪ್ಪಲಿ ಹಾಕಿಕೊಳ್ಳಲು ಆಗುವುದಿಲ್ಲ, ನಡೆದರೆ ನೋವು, ಅದಕ್ಕೇ ನಡೆಯುವುದನ್ನೇ ಬಿಟ್ಟಿರುತ್ತಾರೆ. ಆಮೇಲೆ ಮಾತ್ರೆ. ಒಂದೇ ಔಷಧಿ ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಎರಡು ಸ್ಟ್ರಿಪ್ ಇದೆಯಾ, ತಿಂಗಳ ಹಿಂದೆ ಮುಗಿಯಬೇಕಿದ್ದ ಸ್ಟ್ರಿಪ್ ಇನ್ನೂ ಅರ್ಧ ಉಳಿದಿದೆಯಾ ಅಂತ ನೋಡುತ್ತೇನೆ. ರಾತ್ರಿ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಬೆಳಕಿದೆಯಾ, ಹಿಡಿದುಕೊಳ್ಳಲು ಏನಾದರೂ ಇದೆಯಾ? ಕಿವಿಯ ಯಂತ್ರ ಇದ್ದರೆ ಅದರ ಬ್ಯಾಟರಿ ಬದಲಿಸಿ ಎಷ್ಟು ದಿನವಾಯ್ತು? ಇವೆಲ್ಲ ಸಣ್ಣ ವಿಷಯಗಳೇ. ಆದರೆ ಒಬ್ಬರು ತಮ್ಮ ಮನೆಯಲ್ಲೇ ಉಳಿಯುತ್ತಾರಾ ಇಲ್ಲವಾ ಅನ್ನುವುದು ಎಷ್ಟೋ ಸಲ ಇವುಗಳಿಂದಲೇ ತೀರ್ಮಾನವಾಗುತ್ತದೆ.

1963ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಅವರ ಜೊತೆಯವರು ದಿನನಿತ್ಯದ ಆರು ಕೆಲಸಗಳ ಪಟ್ಟಿಯೊಂದನ್ನು ಕೊಟ್ಟರು. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗುವುದು, ಹಾಸಿಗೆ ಅಥವಾ ಕುರ್ಚಿಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಇವತ್ತಿಗೂ ನಾವು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ನೋಡುತ್ತೇವೆ. ಸಾಮಾನ್ಯವಾಗಿ ಮೊದಲು ಕೈ ತಪ್ಪುವುದು ಸ್ನಾನ, ಕೊನೆಗೆ ಊಟ. ಹಾಗಾಗಿ ‘ಅವರು ಸ್ನಾನವೇ ಮಾಡಲ್ಲ’ ಅಂತ ಮೂಗು ಮುಚ್ಚಿಕೊಳ್ಳುವ ಮೊದಲು, ಒದ್ದೆ ನೆಲದಲ್ಲಿ ಒಮ್ಮೆ ಜಾರಿ ಬಿದ್ದು ಹೆದರಿದ್ದಾರಾ ಅಂತ ಕೇಳಿ. ಒಂದು ಹಿಡಿಕೆ, ಒಂದು ಸ್ಟೂಲು ಸಾಕಾಗಿದ್ದ ಮನೆಗಳನ್ನು ನಾನು ಕಂಡಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಮೊನ್ನೆವರೆಗೆ ಚೆನ್ನಾಗಿ ಮಾತಾಡುತ್ತಿದ್ದವರು ಎರಡೇ ದಿನದಲ್ಲಿ ತಬ್ಬಿಬ್ಬಾದರೆ, ಹಗಲು ರಾತ್ರಿ ಗೊತ್ತಾಗದೆ ಏನೇನೋ ಅಂದರೆ, ಅಥವಾ ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ ಅದು ವಯಸ್ಸಿನ ಮರೆವಲ್ಲ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಸಾಮಾನ್ಯವಾಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಹೀಗೆ ಇದ್ದಕ್ಕಿದ್ದಂತೆ ಬರುವ ಗೊಂದಲಕ್ಕೆ ಸೋಂಕು, ನೀರು ಕಡಿಮೆಯಾಗಿರುವುದು, ಹೊಸ ಮಾತ್ರೆ, ಪಾರ್ಶ್ವವಾಯು, ಹೀಗೆ ಏನೋ ಒಂದು ಕಾರಣ ಇರುತ್ತದೆ. ಅದೇ ದಿನ ವೈದ್ಯರಿಗೆ ತೋರಿಸಬೇಕು.

ಈಗ ಕಷ್ಟದ ಭಾಗ. ಎಲ್ಲವನ್ನೂ ತಿಳಿದುಕೊಂಡೇ ಒಬ್ಬರು ಬೇಡ ಅಂದರೆ? ನಾವು ನಾಲ್ಕು ವಿಷಯ ನೋಡುತ್ತೇವೆ. ಹೇಳಿದ್ದು ಅರ್ಥವಾಯ್ತಾ, ಸ್ವಲ್ಪ ಹೊತ್ತು ನೆನಪಿನಲ್ಲಿ ಉಳಿಯಿತಾ, ಹೀಗೆ ಮಾಡಿದರೆ ಏನಾಗುತ್ತದೆ ಅಂತ ತೂಗಿ ನೋಡಲು ಆಗುತ್ತಾ, ತಮ್ಮ ನಿರ್ಧಾರವನ್ನು ಹೇಗಾದರೂ ತಿಳಿಸಬಲ್ಲರಾ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2005ರ ಕಾಯ್ದೆಯೊಂದು ಇದನ್ನೇ ಹೇಳುತ್ತದೆ. ನಮ್ಮ ಕಣ್ಣಿಗೆ ಜಾಣತನವಲ್ಲ ಅಂತ ಕಂಡ ಮಾತ್ರಕ್ಕೆ ಅವರಿಗೆ ನಿರ್ಧರಿಸುವ ಶಕ್ತಿ ಇಲ್ಲ ಅನ್ನುವ ಹಾಗಿಲ್ಲ ಅಂತಲೂ ಅದರಲ್ಲಿದೆ. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ನಲವತ್ತು ವರ್ಷದವರು ಗಲೀಜು ಮನೆಯಲ್ಲಿದ್ದರೆ ಯಾರೂ ಕೇಳುವುದಿಲ್ಲ, ಎಂಬತ್ತಾದರೆ ಮಾತ್ರ ಎತ್ತಿಕೊಂಡು ಹೋಗಬೇಕಾ?

ಆದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯ ಕಣ್ಣೆದುರೇ ಇದ್ದರೆ, ಬಿದ್ದು ಏಳಲಾಗದೆ ಇದ್ದರೆ, ಯಾರೋ ಹೊಡೆಯುತ್ತಿದ್ದರೆ ಅಥವಾ ಕೂಡಿಹಾಕಿದ್ದರೆ ಒಪ್ಪಿಗೆಗೆ ಕಾಯದೆ ತುರ್ತು ಸೇವೆಯವರನ್ನು ಕರೆಯಬೇಕು. ಹಿಂಸೆ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ. 60 ದಾಟಿದ ಆರು ಜನರಲ್ಲಿ ಸುಮಾರು ಒಬ್ಬರು ಒಂದು ವರ್ಷದಲ್ಲಿ ಯಾವುದಾದರೂ ರೀತಿಯ ದೌರ್ಜನ್ಯ ಕಂಡಿರುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೈಗುಳ, ದುಡ್ಡು ಕಿತ್ತುಕೊಳ್ಳುವುದು, ಬೇಕಂತಲೇ ಕಡೆಗಣಿಸುವುದು ಎಲ್ಲ ಅದರಲ್ಲಿ ಸೇರಿದೆ. ಅದಕ್ಕೇ ನಾನು ಒಂದು ಸಲವಾದರೂ ಹಿರಿಯರು ಒಬ್ಬರೇ ಇರುವಾಗ ಅವರ ಜೊತೆ ಮಾತಾಡುತ್ತೇನೆ. ಮನೆಯವರ ಎದುರು ಮುಖ ನೋಡಿ ನೋಡಿ ಉತ್ತರ ಕೊಡುವವರು, ಬಾಗಿಲು ಮುಚ್ಚಿದ ಮೇಲೆ ಬೇರೆಯೇ ಮಾತು ಹೇಳಿದ್ದುಂಟು.

ನೀವು ಪಕ್ಕದ ಮನೆಯವರು, ನಿಮಗೆ ನನಗಿಂತ ಒಂದು ಅನುಕೂಲ ಇದೆ. ನಿಮ್ಮ ಕೈಯಲ್ಲಿ ಫೈಲ್ ಇಲ್ಲ. ‘ನಿಮಗೆ ಸಹಾಯ ಬೇಕಾ?’ ಅಂತ ಕೇಳಬೇಡಿ, ಅದಕ್ಕೆ ‘ಬೇಡ’ ಅನ್ನುವುದು ಬಹಳ ಸುಲಭ. ‘ನಾನು ಔಷಧಿ ಅಂಗಡಿಗೆ ಹೋಗುತ್ತಿದ್ದೇನೆ, ನಿಮಗೇನು ತರಲಿ?’ ಅನ್ನಿ. ಅವರಿಂದಲೂ ಏನಾದರೂ ಕೇಳಿ, ಒಂದು ಸಲಹೆಯೋ, ನಿಮ್ಮ ಬೀಗದ ಕೈ ಇಟ್ಟುಕೊಳ್ಳುವುದೋ. ಯಾವಾಗಲೂ ತೆಗೆದುಕೊಳ್ಳುವವರಾಗಿಯೇ ಇರಲು ಯಾರಿಗೂ ಇಷ್ಟವಾಗಲ್ಲ, ಅಲ್ವಾ? ಮನೆ ಗುಡಿಸುವ ಮಾತು ಈಗಲೇ ಎತ್ತಬೇಡಿ. ಸೊರಗುತ್ತಿದ್ದಾರೆ ಅಂದಿದ್ದೀರಿ, ಹಾಗಾಗಿ ಊಟ, ಹಲ್ಲು, ಮಾತ್ರೆ, ದುಡ್ಡು, ಇವುಗಳ ಕಡೆಗೆ ಮಾತು ನಿಧಾನವಾಗಿ ಹೋಗಲಿ. ಜೊತೆಗೆ ನಿಮ್ಮ ಕಡೆಯ ಸಮಾಜ ಸೇವಾ ಕಚೇರಿಗೋ ಹಿರಿಯರ ಸಹಾಯವಾಣಿಗೋ ವಿಷಯ ತಿಳಿಸಿ. ಅದು ಚಾಡಿ ಹೇಳುವುದಲ್ಲ.

ಆ ಅಜ್ಜಿಯ ಪಿಂಚಣಿ ಮತ್ತೆ ಶುರುವಾಗಲು ಎರಡೂವರೆ ತಿಂಗಳು ಬೇಕಾಯಿತು. ಹೊಸ ಕನ್ನಡಕ ಬಂತು, ಮೈ ಸ್ವಲ್ಪ ತುಂಬಿಕೊಂಡಿದೆ. ಮನೆ ಗುಡಿಸಲು ಜನ ಕಳಿಸಲಾ ಅಂದರೆ ಈಗಲೂ ಬೇಡ ಅನ್ನುತ್ತಾರೆ. ಗುರುವಾರ ಹತ್ತು ಗಂಟೆಗೆ ಮಾತ್ರ ಬಾಗಿಲು ತೆರೆದಿರುತ್ತದೆ. ಈಗ ಕಾಗದಗಳನ್ನು ಅವರೇ ಓದುತ್ತಾರೆ, ನಾನು ಕೂತು ಕೇಳುತ್ತೇನೆ.