ಮಳೆಮಾಪಕಕ್ಕೂ ತೋಟಕ್ಕೂ ಎಷ್ಟು ದೂರ?

ಸಾರಡ್ಕದ ಗಡಿಯಾಚೆ, ಕರ್ನಾಟಕದ ಅಡ್ಯನಡ್ಕದ ಕಡೆ ಅಕ್ಕನ ಮನೆ. ಈಚೆ, ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ ನಮ್ಮದು. ನಡುವೆ ಇರುವುದು ಎರಡು ಗುಡ್ಡೆ, ಒಂದು ತೋಡು. ಅಲ್ಲಿ ಗುಡುಗಿದರೆ ಇಲ್ಲಿ ಕರೆಂಟು ಹೋಗುತ್ತದೆ. ಅಡಿಕೆಯ ಕೊಳೆರೋಗವೂ ಚೆಕ್‌ಪೋಸ್ಟ್ ಕಂಡು ನಿಲ್ಲುವ ಪೈಕಿಯಲ್ಲ. ನಿಲ್ಲುವುದು ಬೆಳೆ ವಿಮೆ ಮಾತ್ರ. ಕೆಲವು ವರ್ಷದ ಹಿಂದೆ ಭಾವನಿಗೆ ಫೋನ್ ಮಾಡಿದ್ದೆ.

"ಭಾವ, ವಿಮೆ ಬಂತಾ?"

"ಬಂತು ಮಾರಾಯ, ಮದ್ದಿನ ಖರ್ಚಿಗಾಯ್ತು. ತಮಾಷೆ ಎಂತ ಗೊತ್ತುಂಟಾ, ಈ ಸಲ ನನಗೆ ಕೊಳೆಯೇ ಇಲ್ಲ."

ನಮ್ಮಲ್ಲಿ ಕೊಳೆ ಇತ್ತು, ಹಣ ಇರಲಿಲ್ಲ. ಮೊದಲಿಗೆ ಸಿಟ್ಟೇ ಬಂದದ್ದು. ಆಮೇಲೆ ಅವರ ಪಾಲಿಸಿಯ ಕಾಗದ ತರಿಸಿ ಓದಿದೆ. ಕೊಳೆರೋಗಕ್ಕೆ ಬಂದ ಹಣ ಅದಾಗಿರಲಿಲ್ಲ. ಅವರ ಗ್ರಾಮ ಪಂಚಾಯತಿಯ ಮಳೆಮಾಪಕದಲ್ಲಿ ಸತತ ಇಷ್ಟು ದಿನ ಇಷ್ಟು ಮಿಲಿಮೀಟರ್ ಬಿದ್ದರೆ ಇಷ್ಟು ಹಣ ಎಂದು ಮೊದಲೇ ಬರೆದಿಟ್ಟ ಕೋಷ್ಟಕವೊಂದಿತ್ತು. ಮಳೆ ಬಿತ್ತು, ಹಣ ಬಂತು. ಭಾವ ಸಮಯಕ್ಕೆ ಸರಿಯಾಗಿ ಬೋರ್ಡೋ ಮದ್ದು ಬಿಟ್ಟು ಅಡಿಕೆ ಉಳಿಸಿಕೊಂಡ ಸಂಗತಿ ಆ ಕೋಷ್ಟಕಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ತೋಟವನ್ನು ಕಣ್ಣಲ್ಲಿ ನೋಡದೆ ನಷ್ಟ ಕಟ್ಟುವ ಈ ಉಪಾಯ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ದಾರಿ ಸ್ವಿಟ್ಜರ್‌ಲೆಂಡಿಗೂ ಫ್ಲೋರಿಡಾಕ್ಕೂ ಹೋಗಿ, ಕೊನೆಗೆ ನಮ್ಮ ಹಳೆ ಮೈಸೂರಿಗೇ ಬಂದು ಮುಟ್ಟುತ್ತದೆ.

ವಿಮೆಯ ಹಳೆಯ ಲೆಕ್ಕ ಸರಳ. ಸಾವಿರ ಮನೆಯವರು ವರ್ಷಕ್ಕೆ ಒಂದಿಷ್ಟು ಕಟ್ಟುತ್ತಾರೆ, ಒಂದೆರಡು ಮನೆಗೆ ಬೆಂಕಿ ಬೀಳುತ್ತದೆ, ಉಳಿದವರ ಹಣದಲ್ಲಿ ಅವರಿಗೆ ಕೊಡಬಹುದು. ಹಿಂದಿನ ಇಪ್ಪತ್ತು ವರ್ಷದ ಖಾತೆ ಪುಸ್ತಕ ತೆರೆದರೆ ಮುಂದಿನ ವರ್ಷದ ಅಂದಾಜು ಸಿಗುತ್ತದೆ. ಆದರೆ ನೆರೆ, ಭೂಕಂಪ, ಚಂಡಮಾರುತ ಒಂದೆರಡು ಮನೆ ಆರಿಸಿಕೊಂಡು ಬರುವುದಿಲ್ಲ. ನಮ್ಮ ಕಡೆಯ ಕುರಿಯ, ಅಂದರೆ ಚೀಟಿಯ, ಹಾಗೆ ಇದು: ತಿಂಗಳಿಗೊಬ್ಬರು ಎತ್ತಿದರೆ ಚೀಟಿ ನಡೆಯುತ್ತದೆ, ಎಲ್ಲರೂ ಒಂದೇ ತಿಂಗಳು ಕೈಯೊಡ್ಡಿದರೆ ನಡೆಸುವವ ಊರು ಬಿಡಬೇಕಷ್ಟೆ.

1861ರ ಮೇ ತಿಂಗಳಲ್ಲಿ ಸ್ವಿಟ್ಜರ್‌ಲೆಂಡಿನ ಗ್ಲಾರಸ್ ಪಟ್ಟಣದಲ್ಲಿ ಆದದ್ದು ಅದೇ. ಬೆಟ್ಟದಿಂದಿಳಿಯುವ ಒಣಗಾಳಿಗೆ ಸಿಕ್ಕ ಬೆಂಕಿ ಪಟ್ಟಣದ ಬಹುಪಾಲನ್ನು ಸುಟ್ಟಿತು, ವಿಮೆ ಕೊಟ್ಟವರ ಕೈ ಬರಿದಾಯಿತು. ಎರಡು ವರ್ಷದ ನಂತರ, 1863ರಲ್ಲಿ, ಜ್ಯೂರಿಕ್‌ನಲ್ಲಿ ಸ್ವಿಸ್ ರೀ ಹುಟ್ಟಿತು. ವಿಮಾ ಕಂಪನಿಗಳಿಗೇ ವಿಮೆ ಕೊಡುವ ಕಂಪನಿ ಅದು; ಇದನ್ನೇ ಮರುವಿಮೆ ಎನ್ನುವುದು. ಅಪಾಯವನ್ನು ಬೇರೆ ಬೇರೆ ದೇಶಗಳಿಗೆ ಹಂಚಿಬಿಟ್ಟರೆ ಎಲ್ಲ ಕಡೆ ಒಂದೇ ದಿನ ಬೆಂಕಿ ಬೀಳಲಾರದು ಎಂಬ ಧೈರ್ಯ.

ಹಂಚುವುದಕ್ಕೆ ಮೊದಲು ತನ್ನ ತಲೆಯ ಮೇಲೆ ಎಲ್ಲಿ ಎಷ್ಟು ಭಾರ ಇದೆ ಎಂದು ಗೊತ್ತಿರಬೇಕಲ್ಲ. ಬಹಳ ಕಾಲ ಅದನ್ನು ನೋಡಿಕೊಂಡದ್ದು ಗೋಡೆಯ ನಕ್ಷೆ ಮತ್ತು ಗುಂಡುಸೂಜಿ. ಒಂದು ಪಾಲಿಸಿಗೆ ಒಂದು ಸೂಜಿ. ಒಂದೇ ಬೀದಿಯಲ್ಲಿ ಸೂಜಿ ಕಿಕ್ಕಿರಿದರೆ ಅಲ್ಲಿ ಇನ್ನು ವ್ಯಾಪಾರ ಬೇಡ. ಪಾಲಿಸಿಗಳು ಲಕ್ಷ ದಾಟಿದ ಮೇಲೆ, 1960ರ ದಶಕದ ಹೊತ್ತಿಗೆ, ಸೂಜಿ ಚುಚ್ಚುವ ಕೆಲಸ ನಿಂತಿತು. ಅದರ ಜಾಗಕ್ಕೆ ಕೆಲಕಾಲ ಬೇರೇನೂ ಬರಲಿಲ್ಲ ಎನ್ನುವುದು ನನಗೆ ಇವತ್ತಿಗೂ ಸೋಜಿಗ. ಆ ಹೊತ್ತಿಗೆ ಇಂಜಿನಿಯರುಗಳು ಮಾತ್ರ ಬೇರೆಲ್ಲೋ ಕೂತು ದಾರಿ ಕಡಿಯುತ್ತಿದ್ದರು. 1968ರಲ್ಲಿ ಅಲಿನ್ ಕಾರ್ನೆಲ್ ಎಂಬವರು ಒಂದು ಜಾಗದಲ್ಲಿ ಇಂತಿಷ್ಟು ಬಲದ ಭೂಕಂಪನ ಆಗುವ ಸಂಭವವನ್ನು ಗಣಿತದಲ್ಲಿ ಹಿಡಿಯುವ ವಿಧಾನ ಕೊಟ್ಟರು. 1987ರಲ್ಲಿ ಬಾಸ್ಟನ್‌ನಲ್ಲಿ ಕ್ಯಾರೆನ್ ಕ್ಲಾರ್ಕ್ ಎಂಬ ಮಹಿಳೆ ಎಐಆರ್ ಎಂಬ ಕಂಪನಿ ತೆರೆದು, ಚಂಡಮಾರುತದ ನಷ್ಟವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕೊಡುತ್ತೇನೆ ಎಂದರು. ಕೊಳ್ಳುವವರು ಹೆಚ್ಚಿರಲಿಲ್ಲ. ದಕ್ಷಿಣ ಫ್ಲೋರಿಡಾದಲ್ಲಿ ಎರಡು ದಶಕದಿಂದ ದೊಡ್ಡ ಗಾಳಿ ಬೀಸಿರಲಿಲ್ಲ; ಖಾತೆ ಪುಸ್ತಕ ತಣ್ಣಗಿತ್ತು.

1992ರ ಆಗಸ್ಟ್ 24ರಂದು ಆಂಡ್ರೂ ಚಂಡಮಾರುತ ಮಯಾಮಿಯ ದಕ್ಷಿಣಕ್ಕೆ ಅಪ್ಪಳಿಸಿತು. ಕೆಲವೇ ಗಂಟೆಯೊಳಗೆ ಕ್ಲಾರ್ಕ್ ಗ್ರಾಹಕರಿಗೆ ಫ್ಯಾಕ್ಸ್ ಕಳಿಸಿದರು: ನಷ್ಟ 1,300 ಕೋಟಿ ಡಾಲರ್ ದಾಟಬಹುದು. ಅದಕ್ಕೆ ಮೂರು ವರ್ಷ ಹಿಂದೆ ಬಂದಿದ್ದ ಹ್ಯೂಗೋ ಚಂಡಮಾರುತಕ್ಕೆ ವಿಮೆಯವರು ಕೊಟ್ಟದ್ದು ಸುಮಾರು 400 ಕೋಟಿ. ಅದನ್ನೇ ಪರಮಾವಧಿ ಎಂದುಕೊಂಡವರು ಫ್ಯಾಕ್ಸ್ ನಂಬಲಿಲ್ಲ. ಕಡೆಗೆ ಲೆಕ್ಕ 1,550 ಕೋಟಿಗೆ ಹೋಗಿ ನಿಂತಿತು, ಹನ್ನೊಂದು ವಿಮಾ ಕಂಪನಿಗಳು ಮುಳುಗಿದವು. ಅಲ್ಲಿಂದ ಮುಂದೆ ಈ ಕಂಪ್ಯೂಟರ್ ಮಾದರಿಯನ್ನು, ಉದ್ಯಮದವರ ಮಾತಿನಲ್ಲಿ 'ಕ್ಯಾಟ್ ಮಾಡೆಲ್' (ಕೆಟಾಸ್ಟ್ರಫಿ, ಅಂದರೆ ಮಹಾವಿಪತ್ತಿನ ಮಾದರಿ) ಅನ್ನು, ಪಕ್ಕಕ್ಕಿಟ್ಟು ಮರುವಿಮೆ ಕೇಳುವಂತಿಲ್ಲ ಎಂದಾಯಿತು.

ಮಾದರಿಯ ಒಳಗೆ ಏನಿರುತ್ತದೆ? ನಮ್ಮೂರನ್ನೇ ಇಟ್ಟು ನೋಡೋಣ. ಮೊದಲು ಮುಂದಿನ ವರ್ಷದ ಮಳೆಗಾಲವನ್ನು ಕಂಪ್ಯೂಟರಿನಲ್ಲಿ ಹತ್ತು ಸಾವಿರ ಸಲ ಆಡಿಸುತ್ತಾರೆ. ಇಲ್ಲಿ ತಪ್ಪು ತಿಳಿಯುವವರು ಬಹಳ: ಮುಂದಿನ ಹತ್ತು ಸಾವಿರ ವರ್ಷದ ಭವಿಷ್ಯ ಇದಲ್ಲ, ಒಂದೇ ಮುಂದಿನ ವರ್ಷ ಹೇಗೆಲ್ಲ ಬರಬಹುದು ಎಂಬುದರ ಹತ್ತು ಸಾವಿರ ವೇಷ. ಹೆಚ್ಚಿನವು ಮಾಮೂಲಿ ಮಳೆಗಾಲ. ಕೆಲವದರಲ್ಲಿ ಪಯಸ್ವಿನಿ ಹೊಳೆ ದಡ ಮೀರುತ್ತದೆ, ಬೆರಳೆಣಿಕೆಯವುಗಳಲ್ಲಿ ಯಾರೂ ಕಂಡು ಕೇಳದ ಬೊಳ್ಳ, ಅಂದರೆ ನೆರೆ. ಎರಡನೆಯದಾಗಿ, ನೀರು ಬರುವ ಜಾಗದಲ್ಲಿ ಏನೇನಿದೆ, ಅದರ ಬೆಲೆ ಎಷ್ಟು ಎಂಬ ಪಟ್ಟಿ. ಆಮೇಲೆ ಆ ವಸ್ತು ಎಷ್ಟು ತಡೆದೀತು ಎಂಬ ಪ್ರಶ್ನೆ: ಮಣ್ಣಿನ ಗೋಡೆಗೆ ಮೊಣಕಾಲು ನೀರು ಒಂದು ರಾತ್ರಿ ನಿಂತರೆ ಮುಗಿಯಿತು, ಮುರಕಲ್ಲು ಗೋಡೆ ತಡೆಯುತ್ತದೆ, ಹಂಚಿನ ಮಾಡಿಗೆ ಹೊಡೆಯುವ ಗಾಳಿ ತಾರಸಿಯನ್ನು ಅಲ್ಲಾಡಿಸದು. ಅಡಿಕೆ ಮರ ಗಾಳಿಗೆ ನಡುವಿಗೇ ಮುರಿಯುತ್ತದೆ, ತೆಂಗು ಹಾಗಲ್ಲ. ಕೊನೆಗೆ ಪಾಲಿಸಿಯ ಷರತ್ತು ಹಾಕಿ ಕಂಪನಿಯ ಕಿಸೆಯಿಂದ ಹೋಗುವುದೆಷ್ಟು ಎಂದು ತೆಗೆಯುತ್ತಾರೆ.

ಹತ್ತು ಸಾವಿರ ಉತ್ತರಗಳ ಸರಾಸರಿ ತೆಗೆದರೆ ವರ್ಷಕ್ಕೆ ಇಷ್ಟು ನಷ್ಟ ಎಂಬ ಸಂಖ್ಯೆ ಸಿಗುತ್ತದೆ. 20 ಲಕ್ಷದ ಮನೆ, ನೂರರಲ್ಲಿ ಒಂದು ಸಂಭವ, ನೀರು ಬಂದರೆ ಅರ್ಧ ಹಾಳು ಎಂದಿಟ್ಟುಕೊಳ್ಳಿ: ವರ್ಷಕ್ಕೆ 10,000 ರೂಪಾಯಿ. ಇದು ಬರೀ ನಷ್ಟದ ಬಾಬ್ತು. ನೆರೆ ಬಂದ ವರ್ಷ ಊರಿಗೆ ಊರೇ ಕ್ಲೇಮು ಹಾಕುವುದರಿಂದ ಆ ದಿನಕ್ಕೆಂದು ಕಂಪನಿ ಹಣ ಕೂಡಿಟ್ಟಿರಬೇಕು, ಮರುವಿಮೆಗೆ ಕೊಡಬೇಕು. ಅದೆಲ್ಲ ಇದರ ಮೇಲೆ.

'ನೂರು ವರ್ಷಕ್ಕೊಮ್ಮೆ ಬರುವ ನೆರೆ' ಎಂಬ ಪದಪ್ರಯೋಗದಷ್ಟು ಜನರ ದಾರಿ ತಪ್ಪಿಸಿದ್ದು ಬೇರೆ ಇಲ್ಲವೇನೋ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಕೇಳಿಸುತ್ತದೆ. ಪ್ರತಿ ವರ್ಷವೂ ನೂರರಲ್ಲಿ ಒಂದು ಸಂಭವ ಎಂದಷ್ಟೇ ಅದರ ಅರ್ಥ. 30 ವರ್ಷದ ಮನೆ ಸಾಲ ತೀರುವುದರೊಳಗೆ ಅದು ಒಮ್ಮೆಯಾದರೂ ಬರುವ ಸಂಭವ ಶೇ. 26. ನೇತ್ರಾವತಿಯ ದಡದವರಿಗೆ 1923ರ ನೆರೆಯ ಕತೆ ಅಜ್ಜಂದಿರಿಂದ ಬಂದದ್ದು. 1974ರದ್ದು ಈಗಿನ ಹಿರಿಯರೇ ಕಂಡದ್ದು. ಕೇರಳದವರ 'ತೊಂಬತ್ತೊಂಬತ್ತರ ನೆರೆ' 1924ರದ್ದು, ಮಲಯಾಳ ವರ್ಷ 1099. ಮಧೂರಿನಲ್ಲಂತೂ ಮಧುವಾಹಿನಿ ತುಂಬಿ ದೇವಸ್ಥಾನದ ಅಂಗಳಕ್ಕೆ ನೀರು ಬರುವುದು ಮಳೆಗಾಲದ ಮಾಮೂಲು. ಅದು ಅಲ್ಲಿನವರಿಗೆ ದುರಂತವೇ ಅಲ್ಲ. ಅಂಥ ಜಾಗಕ್ಕೆ ನೆರೆ ವಿಮೆ ಕೇಳಿದರೆ ಯಾವ ಮಾದರಿಯೂ ಅಗ್ಗದ ಬೆಲೆ ಹೇಳಲಾರದು.

ಮಾದರಿಗಳು ಎಡವಿದ ಪಟ್ಟಿಯೂ ಸಣ್ಣದಲ್ಲ. 1994ರಲ್ಲಿ ಲಾಸ್ ಏಂಜಲೀಸ್ ಬಳಿಯ ನಾರ್ತ್‌ರಿಜ್ ಭೂಕಂಪ ಅದುವರೆಗೆ ಯಾವ ನಕ್ಷೆಯಲ್ಲೂ ಇಲ್ಲದ ಬಿರುಕಿನಿಂದ ಎದ್ದಿತು. 2005ರಲ್ಲಿ ಕತ್ರೀನಾ ಬಂದಾಗ ಗಾಳಿಯ ಲೆಕ್ಕ ಸಿದ್ಧವಿತ್ತು. ನ್ಯೂ ಓರ್ಲಿಯನ್ಸ್‌ನ ಒಡ್ಡುಗಳು ಒಡೆದು ನಗರ ವಾರಗಟ್ಟಲೆ ನೀರಲ್ಲಿ ನಿಂತೀತು ಎಂಬುದಕ್ಕೆ ಲೆಕ್ಕದಲ್ಲಿ ಜಾಗವಿರಲಿಲ್ಲ. 2011ರ ಥಾಯ್ಲೆಂಡ್ ನೆರೆಗೆ ಮಾದರಿಯೇ ಇರಲಿಲ್ಲ. ಕಾರ್ಖಾನೆ ಪ್ರದೇಶ ಮುಳುಗಿತು, ನಮ್ಮ ಪೇಟೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಹಾರ್ಡ್‌ಡಿಸ್ಕಿನ ಬೆಲೆ ಏರಿತು, ವಿಮೆಯವರ ಪಾಲಿಗೆ ಸುಮಾರು 1,500 ಕೋಟಿ ಡಾಲರಿನ ಬಿಲ್ ಬಂತು. ಮಾದರಿ ಇಲ್ಲದ ಕಡೆ ಅಪಾಯವೇ ಇಲ್ಲ ಎಂದು ಬಗೆದ ತಪ್ಪು.

ಇನ್ನು ಮೈಸೂರಿನ ಸಂಗತಿ. ಮಳೆಯನ್ನೇ ಅಳೆದು ರೈತನಿಗೆ ವಿಮೆ ಕೊಡಬಹುದು ಎಂದು ಮೈಸೂರು ಸಂಸ್ಥಾನದ ಅಧಿಕಾರಿ ಜೆ. ಎಸ್. ಚಕ್ರವರ್ತಿ ಬರೆದದ್ದು 1910ರ ದಶಕದಲ್ಲಿ; 1920ರಲ್ಲಿ ಪೂರ್ತಿ ಯೋಜನೆಯನ್ನು ಅಚ್ಚು ಹಾಕಿಸಿದರು. ಒಬ್ಬೊಬ್ಬನ ಗದ್ದೆಗೆ ಹೋಗಿ ನಷ್ಟ ಕಟ್ಟುವುದು ಆಗದ ಕೆಲಸ, ಜಗಳ ಮತ್ತು ಮೋಸಕ್ಕೆ ದಾರಿ. ಅದರ ಬದಲು ಆ ಪ್ರದೇಶದ ವಾಡಿಕೆ ಮಳೆಗಿಂತ ಎಷ್ಟು ಕಡಿಮೆ ಬಿತ್ತು ಎಂಬುದರ ಮೇಲೆ ಹಣ ಕೊಟ್ಟರೆ ಸಾಕು ಎಂಬುದು ಅವರ ವಾದ. ಭಾವನ ಪಾಲಿಸಿಯ ತಿರುಳು ನೂರು ವರ್ಷ ಹಿಂದೆಯೇ ಅಲ್ಲಿದೆ. ಯೋಜನೆ ಜಾರಿಗೆ ಬರಲಿಲ್ಲ.

ಅದು ನೆಲಕ್ಕಿಳಿದದ್ದು 2003ರಲ್ಲಿ, ರಾಯಚೂರಿನ ಪಕ್ಕದ ಮಹಬೂಬ್‌ನಗರದಲ್ಲಿ. ಆಗ ಅದು ಆಂಧ್ರಪ್ರದೇಶ. ಬೇಸಿಕ್ಸ್ ಎಂಬ ಕಿರುಸಾಲ ಸಂಸ್ಥೆ ಮತ್ತು ಐಸಿಐಸಿಐ ಲೊಂಬಾರ್ಡ್ ಸೇರಿ ನೆಲಗಡಲೆ, ಹರಳು ಬೆಳೆಯುವ 230 ರೈತರಿಗೆ ಮಳೆ ವಿಮೆ ಮಾರಿದವು. 2007ರಲ್ಲಿ ಕೇಂದ್ರ ಸರ್ಕಾರ ಹವಾಮಾನ ಆಧಾರಿತ ಬೆಳೆ ವಿಮೆ ತಂದಿತು, 2016ರಲ್ಲಿ ಅದಕ್ಕೆ ಹೊಸ ರೂಪ ಕೊಟ್ಟಿತು. ತೋಟಗಾರಿಕೆ ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ. 5. ದಕ್ಷಿಣ ಕನ್ನಡದಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿಯ ವಿಮೆಗೆ 6,400. ಉಳಿದ ಪ್ರೀಮಿಯಂ ಎರಡು ಸರ್ಕಾರಗಳದ್ದು. ಅಲ್ಲಿ ಲೆಕ್ಕ ಗ್ರಾಮ ಪಂಚಾಯತಿ ಮಟ್ಟದ್ದು. ಗಡಿ ದಾಟಿದರೆ ಯೋಜನೆಯ ಹೆಸರು ಅದೇ ಆದರೂ ರಾಜ್ಯ ಬೇರೆ, ಅಧಿಸೂಚನೆ ಬೇರೆ, ಕೋಷ್ಟಕ ಬೇರೆ, ಗೊತ್ತುಮಾಡಿದ ಹವಾಮಾನ ಕೇಂದ್ರ ಬೇರೆ. 1956ರ ನವೆಂಬರ್ 1ರಂದು ಎಳೆದ ಗೆರೆ ಶಾಲೆ ಪುಸ್ತಕದಲ್ಲಿ, ಕಚೇರಿ ಅರ್ಜಿಯಲ್ಲಿ ಮಾತ್ರ ಇದೆ ಎಂದುಕೊಂಡಿದ್ದೆ. ಮಳೆಯಲ್ಲೂ ಇದೆ.

ಮಾಪಕ ಹೇಳುವ ಲೆಕ್ಕಕ್ಕೂ ತೋಟದಲ್ಲಿ ನಿಜವಾಗಿ ಆದ ನಷ್ಟಕ್ಕೂ ಇರುವ ಈ ಅಂತರವನ್ನು ವಿಮೆಯವರು 'ಬೇಸಿಸ್ ರಿಸ್ಕ್' ಎನ್ನುತ್ತಾರೆ. ಮಾಪಕದಲ್ಲಿ ಬಿದ್ದು ತೋಟದಲ್ಲಿ ಬೀಳದ ಮಳೆಯಿಂದ ಭಾವನಂಥವರಿಗೆ ಲಾಭ, ತೋಟದಲ್ಲಿ ಬಿದ್ದು ಮಾಪಕದಲ್ಲಿ ಬೀಳದ ಮಳೆಯಿಂದ ನಷ್ಟ. ಹಾಗೆಂದು ಇದನ್ನು ಬರೀ ದೋಷ ಎನ್ನಲಾರೆ. ತೋಟಕ್ಕೊಬ್ಬ ಸರ್ವೇಯರ್ ಬಂದು ಅಡಿಕೆ ಗೊನೆ ಎಣಿಸುವ ಪದ್ಧತಿ ಇದ್ದಿದ್ದರೆ ಆ ಖರ್ಚಿಗೇ ಪ್ರೀಮಿಯಂ ಹೋಗುತ್ತಿತ್ತು. ಹಣವೂ ವರ್ಷ ಕಳೆದು ಬರುತ್ತಿತ್ತು. ಕೇರಳದ ಹಾಲು ಸಹಕಾರಿ ಸಂಸ್ಥೆ ಮಿಲ್ಮಾದ ಮಲಬಾರ್ ಒಕ್ಕೂಟ ಹಸುಗಳಿಗೆ ಬಿಸಿಲಿನ ವಿಮೆ ಮಾಡಿಸಿದ್ದೂ ಇದೇ ಧಾಟಿಯಲ್ಲಿ. ಉಷ್ಣಾಂಶ ಗೆರೆ ದಾಟಿದರೆ ಹಣ. ಯಾವ ಹಸುವಿನ ಹಾಲು ಎಷ್ಟು ಇಳಿಯಿತು ಎಂದು ಯಾರೂ ಕೇಳುವುದಿಲ್ಲ.

ನನ್ನ ತಕರಾರು ಬೇರೆ ಕಡೆ. 2018ರ ಜೂನ್ 1ರಿಂದ ಆಗಸ್ಟ್ 19ರವರೆಗೆ ಕೇರಳಕ್ಕೆ 1,649.5 ಮಿಲಿಮೀಟರ್ ಬರಬೇಕಿದ್ದಲ್ಲಿ 2,346.6 ಬಂತು. ಆ ವಾರದ ಒಂದು ದಿನ ಹದಿನಾಲ್ಕರಲ್ಲಿ ಹದಿಮೂರು ಜಿಲ್ಲೆಗೆ ರೆಡ್ ಅಲರ್ಟ್ ಇತ್ತು. ಬಿಟ್ಟುಹೋದ ಒಂದು ನಮ್ಮ ಕಾಸರಗೋಡು. ಅದೇ ಹೊತ್ತಿಗೆ ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಜರಿಯುತ್ತಿತ್ತು. ಪಯಸ್ವಿನಿ ಹುಟ್ಟುವುದು ಕೊಡಗಿನಲ್ಲಿ. ಸುಳ್ಯ ದಾಟಿ ಇಲ್ಲಿಗೆ ಬಂದು ಚಂದ್ರಗಿರಿ ಎನಿಸಿಕೊಂಡು ಸಮುದ್ರ ಸೇರುತ್ತದೆ. ಮುಳುಗುವ ಬಯಲು ಒಂದು ರಾಜ್ಯದ ಪಟ್ಟಿಯಲ್ಲಿ, ಮುಳುಗಿಸುವ ಮಳೆ ಇನ್ನೊಂದು ರಾಜ್ಯದ ಮಾಪಕದಲ್ಲಿ. ರಾಜ್ಯದ ನಕ್ಷೆ ಹಿಡಿದು ಕಟ್ಟಿದ ಮಾದರಿಗೆ ಈ ನದಿ ಅರ್ಧವೇ ಕಾಣುತ್ತದೆ.

ಹಳೆಯ ದಾಖಲೆಯನ್ನು ಎಷ್ಟು ನಂಬಬಹುದು ಎಂಬುದೂ ಈಗ ಸುಲಭದ ಪ್ರಶ್ನೆಯಲ್ಲ. ಚಂಡಮಾರುತ ಎಂದರೆ ಬಂಗಾಳ ಕೊಲ್ಲಿಯದ್ದು, ನಮ್ಮ ಕಡಲು ಸಾಧು ಎಂದೇ ಕೇಳಿ ಬೆಳೆದವರು ನಾವು. 2017ರಲ್ಲಿ ಓಖಿ ಬಂತು. 2021ರ ಮೇಯಲ್ಲಿ ತೌಕ್ತೆ ಹಾದುಹೋಗುವಾಗ ಉಪ್ಪಳದ ಮುಸೋಡಿಯಲ್ಲಿ ಎರಡಂತಸ್ತಿನ ಮನೆಯೊಂದು ಸಮುದ್ರದ ಕಡೆಗೆ ಮಗುಚಿ ಬಿದ್ದದ್ದನ್ನು ಊರೆಲ್ಲ ಮೊಬೈಲಿನಲ್ಲಿ ನೋಡಿತು. ಹೆದ್ದಾರಿ 66 ಅಗಲ ಮಾಡಲು ಗುಡ್ಡೆಯನ್ನು ನೆಟ್ಟಗೆ ಕಡಿದ ಚೆರುವತ್ತೂರಿನಂಥ ಕಡೆ ಮಣ್ಣು ಕುಸಿಯುತ್ತಿದೆ. ಮಳೆಯ ಹಳೆಯ ದಾಖಲೆಯಲ್ಲಿ ಜೆಸಿಬಿಯ ಸುದ್ದಿ ಇರುವುದಿಲ್ಲ.

ನಮ್ಮ ಮನೆಯಲ್ಲೂ ಒಂದು ದಾಖಲೆ ಇದೆ. ತುಳಸಿಕಟ್ಟೆಯಿಂದ ಆಚೆ, ಮರದ ನೆರಳು ಬೀಳದಲ್ಲಿ ನೆಟ್ಟ ಮಳೆಮಾಪಕ. ಬೆಳಿಗ್ಗೆ ಎಂಟೂವರೆಗೆ ಅಮ್ಮ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಸೊಸೈಟಿಯವರು ಕೊಟ್ಟ ಡೈರಿಯಲ್ಲಿ ಬರೆಯುತ್ತಾರೆ. ಹವಾಮಾನ ಇಲಾಖೆಯ ದಿನವೂ ಎಂಟೂವರೆಗೇ ಬದಲಾಗುವುದು. ಕಳೆದ ಆಟಿ ತಿಂಗಳಲ್ಲಿ ಭಾವ ಬಂದಿದ್ದಾಗ ಗಾಜು ಒಂದು ಸಲ ತುಂಬಿ ಎರಡನೇ ಸಲಕ್ಕೂ ನೀರು ಉಳಿದಿತ್ತು. ಭಾವ ಫೋನ್ ತೆಗೆದು ತಮ್ಮ ಪಂಚಾಯತಿಯ ಲೆಕ್ಕ ನೋಡಿದರು. ಅಲ್ಲಿ ಬಿದ್ದದ್ದು ಇದರ ಅರ್ಧವೂ ಇರಲಿಲ್ಲ.

"ಅತ್ತೆ, ನಿಮ್ಮ ಈ ಮಾಪಕವನ್ನು ನಮ್ಮ ಪಂಚಾಯತಿ ಆಫೀಸಿನ ಮಾಡಿನ ಮೇಲೆ ಇಟ್ಟು ಬರ್ಲಾ?" ಎಂದರು. ಅಮ್ಮ ನಗಲಿಲ್ಲ. ಗಾಜು ಒರೆಸಿ ಒಳಗಿಟ್ಟು, ಡೈರಿಯಲ್ಲಿ ಆ ದಿನದ ಸಂಖ್ಯೆಯ ಪಕ್ಕ 'ಮದ್ದು ಬಿಡಲಿಕ್ಕೆ ಆಗಲಿಲ್ಲ' ಎಂದು ಬರೆದರು.